ಮಗಳ ಕೀಲುವಾತಕ್ಕೆ ಎಲೆಕ್ಟ್ರೋ ಅಕ್ಯುಪಂಕ್ಚರ್ ಮಾಡಿಸಬಹುದಾ? ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಹೇಳಿ

ಸೇಡಂ_ರಸ್ತೆ_ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಒಂಬತ್ತು ವರ್ಷ. ಹೋದ ವರ್ಷ ಜೆಐಎ, ಅಂದರೆ ಮಕ್ಕಳಿಗೆ ಬರುವ ಕೀಲುವಾತ ಅಂತ ಗೊತ್ತಾಯಿತು. ಎರಡೂ ಮೊಣಕಾಲು, ಒಂದು ಹಿಮ್ಮಡಿ ಕೀಲು, ಬಲಗೈ ಮಣಿಕಟ್ಟು, ಕೆಲವು ಬೆರಳು. ಮೊದಲು ಎಲ್ಲರೂ "ಬೆಳೆಯುವ ಮಕ್ಕಳ ನೋವು, ತಾನಾಗಿ ಹೋಗುತ್ತೆ" ಅಂದರು. ಕೊನೆಗೆ ಹೈದರಾಬಾದಿಗೆ ಹೋಗಿ ತೋರಿಸಿದೆವು. ಈಗ ರೋಗ ಹತೋಟಿಗೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಗುಳಿಗೆ, ಜೊತೆಗೆ ಫೋಲಿಕ್ ಆಸಿಡ್, ನೋವು ಜಾಸ್ತಿ ಇದ್ದಾಗ ನ್ಯಾಪ್ರೋಕ್ಸೆನ್ ಅನ್ನುವ ನೋವಿನ ಗುಳಿಗೆ. ಬಾವು ಸಾಕಷ್ಟು ಇಳಿದಿದೆ. ಆದರೆ ಬೆಳಗ್ಗೆ ಎದ್ದಾಗ ಕಾಲು ಬಿಗಿದಿರುತ್ತೆ, ಗೋಡೆ ಹಿಡಿದು ನಡೆಯುತ್ತಾಳೆ. ಸಂಜೆ ನೋವು ಅಂತ ಅಳುತ್ತಾಳೆ. ಗುಳಿಗೆ ತೊಗೊಂಡ ಮರುದಿನ ವಾಕರಿಕೆ ಬೇರೆ.

ನಮ್ಮ ನಾದಿನಿ ಒಂದು ಕ್ಲಿನಿಕ್ ಹೇಳಿದರು. ಅಲ್ಲಿ ಸೂಜಿ ಚುಚ್ಚಿ, ಆ ಸೂಜಿಗೆ ಸಣ್ಣದಾಗಿ ಕರೆಂಟು ಕೊಡುತ್ತಾರೆ. ಹೋಗಿ ಕೇಳಿದೆವು. "ಮೂರು ತಿಂಗಳು ಬಿಡದೆ ಬನ್ನಿ, ಇಂಗ್ಲಿಷ್ ಗುಳಿಗೆ ಎಲ್ಲ ನಿಲ್ಲಿಸಿ, ಬೇರುಸಮೇತ ಹೋಗುತ್ತೆ" ಅಂದರು. ನಮ್ಮ ಮನೆಯವರಿಗೆ ಆಸೆ ಹುಟ್ಟಿದೆ. ನನಗೆ ಗುಳಿಗೆ ನಿಲ್ಲಿಸಲು ಧೈರ್ಯ ಇಲ್ಲ. ಆದರೆ ನೋವು ಕಡಿಮೆ ಆಗುವುದಾದರೆ ಗುಳಿಗೆಯ ಜೊತೆಗೆ ಇದನ್ನೂ ಮಾಡಿಸಬಹುದಾ? ಮಕ್ಕಳಿಗೆ ಮಾಡಿಸಿದವರು ಯಾರಾದರೂ ಇದ್ದೀರಾ? ಸುಮ್ನೆ ಹೆದರಿಸಬೇಡಿ, ಸುಮ್ನೆ ಧೈರ್ಯವನ್ನೂ ಹೇಳಬೇಡಿ. ಗೊತ್ತಿದ್ದದ್ದು ಹೇಳಿ.

ಆಳಂದ_ಮೆಡಿಕಲ್

ಗುಳಿಗೆ ನಿಲ್ಲಿಸಬೇಡಿ ಅಕ್ಕಾ. ಉಳಿದದ್ದು ಆಮೇಲೆ ಮಾತಾಡೋಣ.

ಶಹಾಬಾದ್_ಕಾಕಾ

ತಂಗಿ, ನಮ್ಮ ಮನೆಯಾಕೆಗೆ ಎಷ್ಟೋ ವರ್ಷದಿಂದ ಮೊಣಕಾಲು ನೋವು. ಸೊಲ್ಲಾಪುರದಲ್ಲಿ ಕರೆಂಟು ಸೂಜಿ ಹಾಕಿಸಿದೆವು. ಮೊದಲು ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಈ ಸಲ ಶರಣಬಸವೇಶ್ವರ ಜಾತ್ರೆಯಲ್ಲಿ ನಡೆದುಕೊಂಡೇ ಓಡಾಡಿದಳು. ಅಡ್ಡ ಪರಿಣಾಮ ಏನೂ ಆಗಲಿಲ್ಲ. ಚಿಕ್ಕ ಮಗುವಿಗೆ ಗುಳಿಗೆ ನುಂಗಿಸಿ ಲಿವರ್ ಕೆಡಿಸುವುದಕ್ಕಿಂತ ಇದು ಮೇಲು. ಕಣ್ಣಾರೆ ಕಂಡದ್ದು ಹೇಳುತ್ತಿದ್ದೇನೆ.

ಮಕ್ಕಳ_ವಾರ್ಡ್_ಪಿಜಿ

ಕಾಕಾ, ಕಾಕಿಗೆ ಆರಾಮ ಆದದ್ದು ಕೇಳಿ ಖುಷಿ ಆಯಿತು. ಆದರೆ ಇವೆರಡೂ ಬೇರೆ ಬೇರೆ ರೋಗ. ವಯಸ್ಸಾದವರಲ್ಲಿ ಕೀಲಿನ ಮೆತ್ತನೆ ಎಲುಬು ಸವೆದು ನೋವು ಬರುತ್ತೆ. ಮಕ್ಕಳಲ್ಲಿ ಸವೆತ ಅಲ್ಲ. ಸೋಂಕಿನ ಮೇಲೆ ಹೋರಾಡಬೇಕಾದ ಮೈಯ ರಕ್ಷಣಾ ಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ಬೀಳುತ್ತೆ. ಒಳಗೆ ನೀರು ತುಂಬುತ್ತೆ, ಬಾವು ಬರುತ್ತೆ. ಆ ಉರಿಯೂತವನ್ನು ಹಾಗೇ ಬಿಟ್ಟರೆ ಎಲುಬೇ ಕೊರೆದು ಹೋಗುತ್ತೆ. 16 ವರ್ಷ ತುಂಬುವುದರೊಳಗೆ ಶುರುವಾಗಿ, ಕನಿಷ್ಠ 6 ವಾರ ಇದ್ದು, ಬೇರೆ ಕಾರಣ ಸಿಗದಿದ್ದರೆ ಅದನ್ನು ಜೆಐಎ ಅನ್ನುತ್ತಾರೆ.

ಬೆಳೆಯುವ ಮೈ ಅನ್ನುವುದನ್ನೂ ಮರೆಯಬಾರದು. ಚಿಕ್ಕ ಮಗುವಿನ ಒಂದೇ ಮೊಣಕಾಲಿನಲ್ಲಿ ಉರಿಯೂತ ಬಹಳ ದಿನ ಉಳಿದರೆ ಆ ಕಾಲು ಇನ್ನೊಂದಕ್ಕಿಂತ ಉದ್ದ ಬೆಳೆಯುತ್ತೆ. ದವಡೆಯ ಕೀಲಿಗೆ ಬಂದರೆ ಗದ್ದ ಚಿಕ್ಕದಾಗಿ ಉಳಿಯುತ್ತೆ. ನಮ್ಮ ಕಡೆ ಮಗು ಕಡಕ್ ರೊಟ್ಟಿ ಬಿಟ್ಟು ಬರೀ ಅನ್ನ ಕೇಳುತ್ತಿದ್ದರೆ ಹಟ ಅಂತ ಬೈಯುತ್ತಾರೆ. ಕೀಲುವಾತ ಇರುವ ಮಗು ಹಾಗೆ ಮಾಡಿದರೆ ದವಡೆಯನ್ನು ಒಮ್ಮೆ ತೋರಿಸಿ.

ಅಮ್ಮ ಅವರೇ, ಬೆಳಗ್ಗೆ ಬಿಗಿತ ಎಷ್ಟು ಹೊತ್ತು ಇರುತ್ತೆ?

ಸೇಡಂ_ರಸ್ತೆ_ಅಮ್ಮ

ಎದ್ದ ಮೇಲೆ ಸುಮಾರು ಒಂದು ತಾಸು ಇರುತ್ತೆ ಡಾಕ್ಟ್ರೇ. ಬಿಸಿನೀರು ಸ್ನಾನ ಆದ ಮೇಲೆ ಸ್ವಲ್ಪ ಸಡಿಲ. ಬಿಸಿಲೇರಿದ ಮೇಲೆ ಓಡಾಡುತ್ತಾಳೆ.

ಮಕ್ಕಳ_ವಾರ್ಡ್_ಪಿಜಿ

ಹಾಗಾದರೆ ಮೊದಲು ಇದನ್ನು ನಿಮ್ಮ ಹೈದರಾಬಾದ್ ಡಾಕ್ಟರಿಗೆ ಹೇಳಿ. ಒಂದು ತಾಸು ಬಿಗಿತ ಅಂದರೆ ಒಳಗೆ ಉರಿಯೂತ ಇನ್ನೂ ಇದೆ ಅನ್ನುವ ಅನುಮಾನ. ಬಾವು ಇಳಿದಿದೆ ಅಂತ ನಾವು ಸಮಾಧಾನ ಆಗುತ್ತೇವೆ. ಆದರೆ ಈಗಿನ ಚಿಕಿತ್ಸೆಯ ಗುರಿ "ಸ್ವಲ್ಪ ಕಡಿಮೆ" ಅಲ್ಲ, ರೋಗ ಪೂರ್ತಿ ತಣ್ಣಗಾಗಬೇಕು. ಮೆಥೊಟ್ರೆಕ್ಸೇಟ್ ಕೆಲಸ ಮಾಡಲು 2-3 ತಿಂಗಳು ಬೇಕು. ಅದು ದಾಟಿದ್ದರೆ ಡೋಸ್ ನೋಡಬೇಕು, ಮಗುವಿನ ತೂಕ ಎತ್ತರ ಬದಲಾಗಿರುತ್ತೆ. ಗುಳಿಗೆಯ ಬದಲು ಚರ್ಮದ ಕೆಳಗೆ ಇಂಜೆಕ್ಷನ್ ಕೊಟ್ಟರೆ ಔಷಧ ಚೆನ್ನಾಗಿ ಹತ್ತುತ್ತೆ, ಎಷ್ಟೋ ಮಕ್ಕಳಿಗೆ ವಾಕರಿಕೆಯೂ ಕಡಿಮೆ. ಅದಕ್ಕೂ ಬಗ್ಗದಿದ್ದರೆ ಎಟನರ್ಸೆಪ್ಟ್, ಅಡಾಲಿಮುಮಾಬ್ ತರಹದ ಬಯಾಲಾಜಿಕ್ ಔಷಧಗಳಿವೆ, ಅಂದರೆ ಉರಿಯೂತ ಎಬ್ಬಿಸುವ ಪ್ರೋಟೀನನ್ನೇ ತಡೆಯುವ ಇಂಜೆಕ್ಷನ್‌ಗಳು.

ಈ ದಾರಿಗಳೆಲ್ಲ ಇರುವಾಗ ನೋವನ್ನು ಮಾತ್ರ ಸೂಜಿಯಿಂದ ಮುಚ್ಚಿಟ್ಟರೆ ಕೀಲು ಒಳಗೊಳಗೇ ಹಾಳಾಗಬಹುದು. ನನ್ನ ಭಯ ಅದೇ.

ನಿಸರ್ಗ_ವೈದ್ಯೆ_ಬೀದರ್

ನಾನು ಬಿಎನ್‌ವೈಎಸ್, ಅಂದರೆ ನಿಸರ್ಗ ಚಿಕಿತ್ಸೆ ಮತ್ತು ಯೋಗದ ಪದವಿ ಓದಿದವಳು. ನಮ್ಮ ಕೋರ್ಸಿನಲ್ಲಿ ಅಕ್ಯುಪಂಕ್ಚರ್ ಒಂದು ವಿಷಯ. ಮೊದಲೇ ಹೇಳಿಬಿಡುತ್ತೇನೆ: "ಮೆಥೊಟ್ರೆಕ್ಸೇಟ್ ನಿಲ್ಲಿಸಿ" ಅಂದವರ ಹತ್ತಿರ ಮತ್ತೆ ಹೋಗಬೇಡಿ. ಅದು ಅವರ ಕೆಲಸವೇ ಅಲ್ಲ.

ಈಗ ಎಲೆಕ್ಟ್ರೋ ಅಕ್ಯುಪಂಕ್ಚರ್ ಏನು ಅಂತ ಹೇಳುತ್ತೇನೆ. ಕೂದಲಿನಷ್ಟು ತೆಳು ಸೂಜಿಗಳು. ಎರಡೆರಡು ಸೂಜಿಗೆ ಒಂದು ಜೋಡಿ ಕ್ಲಿಪ್ ಹಾಕಿ, ಬ್ಯಾಟರಿ ಯಂತ್ರದಿಂದ ಮಿಲಿಆಂಪಿಯರ್ ಲೆಕ್ಕದ ಸಣ್ಣ ಕರೆಂಟು ಬಿಡುತ್ತೇವೆ. ಮನೆಯ ಪ್ಲಗ್ಗಿನ ಕರೆಂಟಲ್ಲ, ಹೆದರಬೇಡಿ. ದೊಡ್ಡವರಿಗೆ 20-30 ನಿಮಿಷ, ಮಕ್ಕಳಿಗೆ ಅದಕ್ಕಿಂತ ಕಡಿಮೆ. ಟಕ್ ಟಕ್ ಅಂತ ಬಡಿದ ಹಾಗೆ, ಜುಮ್ಮೆನ್ನುವ ಹಾಗೆ ಅನಿಸಬೇಕು. ನೋವಾಗಬಾರದು. ನೋವಾದರೆ ಕರೆಂಟು ಜಾಸ್ತಿ ಆಗಿದೆ ಅಂತಲೇ ಅರ್ಥ.

ಇದು ಮಂತ್ರ ಅಲ್ಲ. ಬೀಜಿಂಗ್‌ನ ಹಾನ್ ಜಿಶೆಂಗ್ ಅನ್ನುವ ವಿಜ್ಞಾನಿ ದಶಕಗಟ್ಟಲೆ ಇದರ ಮೇಲೆ ಕೆಲಸ ಮಾಡಿದರು. ಸೆಕೆಂಡಿಗೆ 2 ಸಲ ಬಡಿಯುವ ಕರೆಂಟಿಗೆ ಎನ್ಕೆಫಲಿನ್, ಎಂಡಾರ್ಫಿನ್ ಬಿಡುಗಡೆ ಆಗುತ್ತೆ, 100 ಸಲ ಬಡಿದರೆ ಡೈನಾರ್ಫಿನ್. ಇವೆಲ್ಲ ನಮ್ಮ ಮೈಯೇ ತಯಾರಿಸುವ ನೋವು ನಿವಾರಕಗಳು. ಹಾಗಾಗಿ ನೋವಿನ ಮೇಲೆ ಪರಿಣಾಮ ಇದೆ ಅನ್ನುವುದನ್ನು ನಾನು ನಂಬುತ್ತೇನೆ, ಕಂಡಿದ್ದೇನೆ ಕೂಡ.

ಯಾದಗಿರಿ_ಲೆಕ್ಚರರ್

ಮೇಡಂ, ನೀವು ಗುಳಿಗೆ ನಿಲ್ಲಿಸಬೇಡಿ ಅಂದಿದ್ದಕ್ಕೆ ಮೊದಲು ಧನ್ಯವಾದ. ಆದರೆ ಹಾನ್ ಅವರ ಕೆಲಸ ಹೆಚ್ಚಾಗಿ ಪ್ರಾಣಿಗಳ ಮೇಲಿನದು. ಆ ಪ್ರಯೋಗ ಬೇರೆ, ಮಗುವಿನ ಕೀಲು ಬೇರೆ. ದೊಡ್ಡವರ ಸಂಧಿವಾತಕ್ಕೆ, ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್‌ಗೆ, ಅಕ್ಯುಪಂಕ್ಚರ್ ಬಗ್ಗೆ, ವೈದ್ಯಕೀಯ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಪರಾಮರ್ಶೆ 2005ರಲ್ಲಿ ಬಂತು. ಒಪ್ಪುವಂತಹ ಪ್ರಯೋಗ ಸಿಕ್ಕಿದ್ದು ಎರಡೇ. ಎರಡೂ ಸೇರಿ 84 ಜನ. ಅದರಲ್ಲಿ ಒಂದು ಎಲೆಕ್ಟ್ರೋ ಅಕ್ಯುಪಂಕ್ಚರ್‌ದು. ಮೊಣಕಾಲು ನೋವು 24 ಗಂಟೆಯ ನಂತರ ಕಡಿಮೆ ಆಗಿತ್ತು. ಆದರೆ ಪ್ರಯೋಗದ ಗುಣಮಟ್ಟ ಚೆನ್ನಾಗಿರಲಿಲ್ಲ ಅಂತ ಅವರೇ ಬರೆದಿದ್ದಾರೆ. ದೊಡ್ಡವರ ಕಥೆಯೇ ಇಷ್ಟಾದರೆ ಮಕ್ಕಳ ಮೇಲೆ ಯಾವ ಆಧಾರದಿಂದ "ಬೇರುಸಮೇತ ಹೋಗುತ್ತೆ" ಅನ್ನುತ್ತಾರೆ? ನನಗೆ ಸಿಟ್ಟು ಬರುವುದು ಇಲ್ಲೇ.

ನಿಸರ್ಗ_ವೈದ್ಯೆ_ಬೀದರ್

ಬೇರುಸಮೇತ ಅಂತ ನಾನು ಹೇಳಿಲ್ಲ ಸರ್. ನೋವಿಗೆ ಅಂದೆ. ಇನ್ನೊಂದು ವಿಷಯ. ಹಾರ್ವರ್ಡ್‌ನ ಕ್ಯೂಫು ಮಾ ಅವರ ತಂಡ 2021ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದದ್ದನ್ನು ಓದಿ. ಇಲಿಯ ಹಿಂಗಾಲಿನಲ್ಲಿ, ಮೊಣಕಾಲ ಕೆಳಗಿನ ಎಸ್‌ಟಿ 36 ಅನ್ನುವ ಅಕ್ಯುಪಂಕ್ಚರ್ ಬಿಂದುವಿನಲ್ಲಿ ಸಣ್ಣ ಕರೆಂಟು ಕೊಟ್ಟಾಗ, ಮೆದುಳಿನಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರದ ಮೂಲಕ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಗೆ ಸಂದೇಶ ಹೋಗಿ ಉರಿಯೂತ ಕಡಿಮೆ ಆಯಿತು. ಯಾವ ನರಕೋಶದಿಂದ ಅನ್ನುವುದನ್ನೂ ಗುರುತಿಸಿದ್ದಾರೆ.

ಯಾದಗಿರಿ_ಲೆಕ್ಚರರ್

ಅದನ್ನು ಓದಿದ್ದೇನೆ. ಅದೇ ತಂಡ ಇನ್ನೊಂದು ವಿಷಯವನ್ನೂ ತೋರಿಸಿದೆಯಲ್ಲ ಮೇಡಂ. ಹೊಟ್ಟೆಯ ಬಿಂದುವಿಗೆ ಜೋರು ಕರೆಂಟನ್ನು ರೋಗ ಏರಿದ ಹೊತ್ತಿನಲ್ಲಿ ಕೊಟ್ಟಾಗ ಉರಿಯೂತ ಇನ್ನೂ ಹೆಚ್ಚಾಯಿತು. ಜಾಗ, ತೀವ್ರತೆ, ಸಮಯ ಮೂರೂ ಮುಖ್ಯ ಅಂತಾಯಿತು. ಆ ಇಲಿಗಳಿಗೆ ಕೊಟ್ಟದ್ದು ಬ್ಯಾಕ್ಟೀರಿಯಾದ ವಿಷ, ಕೀಲುವಾತ ಅಲ್ಲ. ಇಷ್ಟು ಸೂಕ್ಷ್ಮವಾದದ್ದನ್ನು ಕ್ಲಿನಿಕ್‌ನಲ್ಲಿ ಎಲ್ಲರಿಗೂ ಒಂದೇ ಪ್ಯಾಕೇಜ್ ಮಾಡಿ ಮಾರಿದರೆ ಹೇಗೆ?

ನಿಸರ್ಗ_ವೈದ್ಯೆ_ಬೀದರ್

ಪ್ಯಾಕೇಜ್ ವಿಷಯದಲ್ಲಿ ನಾನು ನಿಮ್ಮ ಜೊತೆಗಿದ್ದೇನೆ. ಮುಂಗಡ ದುಡ್ಡು ಕೇಳಿದರೆ ಎದ್ದು ಬನ್ನಿ.

ಸುರಪುರ_ಹುಡುಗ

ಇಲ್ಲಿ ಎಲ್ಲರೂ ತಂದೆ ತಾಯಿ, ಡಾಕ್ಟರ್ ಮಾತಾಡುತ್ತಿದ್ದೀರಿ. ನಾನು ಆ ರೋಗ ಇರುವವನು. ಏಳನೇ ವಯಸ್ಸಿಗೆ ಶುರುವಾಯಿತು, ಈಗ 22. ಹೈಸ್ಕೂಲಿನಲ್ಲಿ ಇದ್ದಾಗ ಬೆಂಗಳೂರಿನಲ್ಲಿ ಮೆಥೊಟ್ರೆಕ್ಸೇಟ್ ಜೊತೆಗೇ ಎಲೆಕ್ಟ್ರೋ ಅಕ್ಯುಪಂಕ್ಚರ್ ತೊಗೊಂಡೆ. ನನ್ನ ಕೀಲುವಾತದ ಡಾಕ್ಟರಿಗೆ ಹೇಳಿಯೇ ಶುರು ಮಾಡಿದ್ದು.

ನನಗೆ ಆದದ್ದು ಇಷ್ಟು. ಸೂಜಿ ಹಾಕಿಸಿಕೊಂಡ ದಿನ, ಮರುದಿನ ನೋವು ಕಡಿಮೆ. ನಿದ್ದೆ ಬಹಳ ಚೆನ್ನಾಗಿ ಬರುತ್ತಿತ್ತು. ಆ ನಿದ್ದೆಯ ಬೆಲೆ ರಾತ್ರಿಯೆಲ್ಲ ಕಾಲು ಹಿಡಿದುಕೊಂಡು ಕೂತವರಿಗೇ ಗೊತ್ತು. ಮೂರನೇ ದಿನಕ್ಕೆ ನೋವು ಮತ್ತೆ ಬರುತ್ತಿತ್ತು. ಬಾವು ಮಾತ್ರ ಒಂದು ಚೂರೂ ಬದಲಾಗಲಿಲ್ಲ. ಉರಿಯೂತ ಎಷ್ಟಿದೆ ಅಂತ ತೋರಿಸುವ ರಕ್ತ ಪರೀಕ್ಷೆ ಇಎಸ್‌ಆರ್ ಕೂಡ ಹಾಗೇ ಇತ್ತು. ಆಮೇಲೆ ಬಯಾಲಾಜಿಕ್ ಇಂಜೆಕ್ಷನ್ ಶುರುವಾದ ಮೇಲೆ ಬಾವು ಹೋಯಿತು. ಸೂಜಿಯ ಅಗತ್ಯವೇ ಬೀಳಲಿಲ್ಲ.

ಅಮ್ಮಾ, ಒಂದು ಮಾತು. ಒಂಬತ್ತು ವರ್ಷದ ಮಗು ಈಗಾಗಲೇ ರಕ್ತ ಪರೀಕ್ಷೆಗೆ ಚುಚ್ಚಿಸಿಕೊಳ್ಳುತ್ತಿದೆ. ನಾಳೆ ಔಷಧದ ಇಂಜೆಕ್ಷನ್ನೂ ಬರಬಹುದು. ಇದು ಬೇಕಾ ಬೇಡವಾ ಅಂತ ಅವಳನ್ನೇ ಕೇಳಿ. ನನ್ನನ್ನು ಯಾರೂ ಕೇಳದೆ ಮಾಡಿದ್ದು ಎಷ್ಟೋ ಇದೆ. ಊರಲ್ಲಿ ಯಾರೋ ಹೇಳಿದರು ಅಂತ ಮೊಣಕಾಲಿಗೆ ಬರೆ ಹಾಕಿಸಿದ್ದರು. ಆ ಗುರುತು ಇನ್ನೂ ಇದೆ.

ಜೇವರ್ಗಿ_ಅಪ್ಪ

ತಮ್ಮಾ, ಓದಿ ಕರುಳು ಕಿವುಚಿದಂತೆ ಆಯಿತು. ಈಗ ಹೇಗಿದ್ದೀಯ?

ಸುರಪುರ_ಹುಡುಗ

ಆರಾಮ ಇದ್ದೇನೆ ಅಣ್ಣಾ. ಬೈಕ್ ಓಡಿಸುತ್ತೇನೆ, ಕೆಲಸಕ್ಕೆ ಹೋಗುತ್ತೇನೆ. ಒಂದು ಮಣಿಕಟ್ಟು ಪೂರ್ತಿ ಬಾಗುವುದಿಲ್ಲ. ಅದು ಔಷಧ ಬಿಟ್ಟಿದ್ದ ವರ್ಷದ ನಷ್ಟ.

ಸೊಲ್ಲಾಪುರ_ಪ್ಯಾಸೆಂಜರ್

ಅಕ್ಯುಪಂಕ್ಚರ್ ಅಂದಾಗ ನೆನಪಾಯಿತು. ನಮ್ಮ ಸೊಲ್ಲಾಪುರದ ಡಾಕ್ಟರ್ ಕೋಟ್ನಿಸ್ ಚೀನಾಕ್ಕೆ ಹೋಗಿ ಇದನ್ನು ಕಲಿತು ಬಂದರು ಅಲ್ವಾ? ಸೊಲ್ಲಾಪುರದಲ್ಲಿ ಅವರ ಸ್ಮಾರಕ ಇದೆ. ಕಲಬುರಗಿಯಿಂದ ದವಾಖಾನೆಗೆ ಅಂತ ಹೋಗುವವರು ಒಮ್ಮೆ ನೋಡಿ ಬನ್ನಿ.

ಶಹಾಬಾದ್_ಕಾಕಾ

ಇಲ್ಲಪ್ಪ, ಕೋಟ್ನಿಸರು ಮರಳಿ ಬರಲೇ ಇಲ್ಲ. 1938ರಲ್ಲಿ ಕಾಂಗ್ರೆಸ್ ಕಳಿಸಿದ ಐದು ಡಾಕ್ಟರರಲ್ಲಿ ಅವರೊಬ್ಬರು. ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಶಸ್ತ್ರಚಿಕಿತ್ಸೆ ಮಾಡುತ್ತಾ 1942ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ವಯಸ್ಸು 32. ಅದೇ ತಂಡದ ಬಿಜಯ್ ಕುಮಾರ್ ಬಸು ಅವರು ಆಮೇಲೆ ಅಕ್ಯುಪಂಕ್ಚರ್ ಕಲಿತು 1959ರಲ್ಲಿ ಕೋಲ್ಕತ್ತಾದಲ್ಲಿ ಶುರು ಮಾಡಿದರು. ನಮ್ಮ ದೇಶಕ್ಕೆ ಬಂದದ್ದು ಹಾಗೆ. ನಮ್ಮ ಅಪ್ಪ ಸೊಲ್ಲಾಪುರದ ಮಿಲ್ಲಿನಲ್ಲಿ ದುಡಿದವರು. ಕೋಟ್ನಿಸರ ಹೆಸರು ಹೇಳುವಾಗ ಕೈ ಮುಗಿಯುತ್ತಿದ್ದರು.

ಸೊಲ್ಲಾಪುರ_ಪ್ಯಾಸೆಂಜರ್

ತಿಳಿಸಿದ್ದು ಒಳ್ಳೆಯದಾಯಿತು ಕಾಕಾ.

ಯಾದಗಿರಿ_ಲೆಕ್ಚರರ್

ಕೇಂದ್ರ ಸರ್ಕಾರ 2019ರಲ್ಲಿ ಅಕ್ಯುಪಂಕ್ಚರನ್ನು ಸ್ವತಂತ್ರ ಪದ್ಧತಿ ಅಂತ ಒಪ್ಪಿದೆ. ಅದನ್ನೂ ಹೇಳಬೇಕು. ಆದರೆ ಪದ್ಧತಿಗೆ ಮಾನ್ಯತೆ ಇದೆ ಅಂದ ಮಾತ್ರಕ್ಕೆ ಈ ರೋಗಕ್ಕೆ ಅದು ಮದ್ದು ಅಂತ ಆಗುವುದಿಲ್ಲ.

ಹುಮನಾಬಾದ್_ಫಿಸಿಯೋ

ಇಷ್ಟು ಚರ್ಚೆ ಆದರೂ ಯಾರೂ ವ್ಯಾಯಾಮದ ಹೆಸರೇ ಎತ್ತಿಲ್ಲ! ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ನಮ್ಮ ಫಿಸಿಯೋ ಸೆಂಟರ್‌ಗಳಲ್ಲಿ ಚರ್ಮದ ಮೇಲೆ ಪ್ಯಾಡ್ ಅಂಟಿಸಿ ಕರೆಂಟು ಕೊಡುತ್ತೇವಲ್ಲ, ಅದು ಟೆನ್ಸ್. ಅದರಲ್ಲಿ ಸೂಜಿ ಇಲ್ಲ. ಜನ ಎರಡನ್ನೂ "ಕರೆಂಟು" ಅಂತಲೇ ಕರೆಯುತ್ತಾರೆ. ಕಾಕಿಗೆ ಯಾವುದು ಹಾಕಿದ್ದರೋ ಒಮ್ಮೆ ಕೇಳಿ ನೋಡಿ ಕಾಕಾ. ಸೂಜಿಗೆ ಹೆದರುವ ಮಗುವಿಗೆ, ನೋವಿಗಾಗಿಯೇ ಏನಾದರೂ ಬೇಕಾದರೆ, ಟೆನ್ಸ್ ಕೇಳಿ ನೋಡಬಹುದು.

ಈಗ ಮುಖ್ಯ ವಿಷಯ. ನೋವು ಅಂತ ಮಗು ಮೊಣಕಾಲನ್ನು ಮಡಚಿಯೇ ಇಟ್ಟುಕೊಳ್ಳುತ್ತೆ. ಮಡಚಿದರೆ ಆರಾಮ ಅನಿಸುತ್ತೆ. ತಾಯಂದಿರು ಪ್ರೀತಿಯಿಂದ ಮೊಣಕಾಲ ಕೆಳಗೆ ದಿಂಬು ಇಡುತ್ತಾರೆ. ದಯವಿಟ್ಟು ಇಡಬೇಡಿ. ಕೆಲವೇ ತಿಂಗಳಲ್ಲಿ ಕಾಲು ನೆಟ್ಟಗಾಗದ ಹಾಗೆ ನರ ಸ್ನಾಯು ಕುಗ್ಗುತ್ತೆ. ತೊಡೆಯ ಮುಂದಿನ ಸ್ನಾಯು ಬಡವಾಗುತ್ತೆ. ಆಮೇಲೆ ರೋಗ ತಣ್ಣಗಾದರೂ ನಡಿಗೆ ಕುಂಟಾಗಿಯೇ ಉಳಿಯುತ್ತೆ. ಕಾಲು ನೀಡಿ ಕೂತು, ಮೊಣಕಾಲ ಹಿಂಭಾಗವನ್ನು ಹಾಸಿಗೆಗೆ ಒತ್ತಿ ಐದು ಎಣಿಸುವುದು. ಇದನ್ನು ಬಿಸಿನೀರು ಸ್ನಾನದ ನಂತರ ದಿನಾ ಮಾಡಿಸಿ. ಸೈಕಲ್, ಈಜು ಒಳ್ಳೆಯದು. ಅಮೆರಿಕದ ಕೀಲುವಾತ ತಜ್ಞರ ಮಾರ್ಗಸೂಚಿಯಲ್ಲಿ ಫಿಸಿಯೋಥೆರಪಿ ಸೇರಿಸಿದ್ದಾರೆ. ನೋವು ಸ್ವಲ್ಪ ಕಡಿಮೆ ಆದ ಹೊತ್ತಿನಲ್ಲಿ ವ್ಯಾಯಾಮ ಮಾಡಿಸಲು ಸುಲಭ. ಆ ಹೊತ್ತು ಸೂಜಿಯಿಂದ ಸಿಗಲಿ, ಗುಳಿಗೆಯಿಂದ ಸಿಗಲಿ, ಅದನ್ನು ವ್ಯರ್ಥ ಮಾಡಬೇಡಿ. ಮಲಗಿಸಿಬಿಟ್ಟರೆ ಪ್ರಯೋಜನ ಇಲ್ಲ.

ಭಾಲ್ಕಿ_ತಾಯಿ

ಅಕ್ಕಾ, ಮಗಳ ಕಣ್ಣು ತೋರಿಸಿದ್ದೀರಾ? ಇದನ್ನು ನಾನು ಎಲ್ಲರಿಗೂ ಕೈಮುಗಿದು ಹೇಳುತ್ತೇನೆ. ನಮ್ಮ ಹುಡುಗಿಗೆ ಒಂದೇ ಮೊಣಕಾಲು ಬಾತಿತ್ತು. ಕಾಲಿನ ಚಿಂತೆಯಲ್ಲೇ ಇದ್ದೆವು. ಕಣ್ಣು ಕೆಂಪಾಗಲಿಲ್ಲ, ನೋವಾಗಲಿಲ್ಲ, ನೀರು ಬರಲಿಲ್ಲ. ಶಾಲೆಯಲ್ಲಿ ಬೋರ್ಡು ಕಾಣುತ್ತಿಲ್ಲ ಅಂದಾಗ ಕನ್ನಡಕ ಬೇಕೇನೋ ಅಂತ ಹೋದರೆ ಒಳಗೆ ಯುವೈಟಿಸ್, ಅಂದರೆ ಕಣ್ಣಿನೊಳಗಿನ ಉರಿಯೂತ. ಒಂದು ಕಣ್ಣಿನ ದೃಷ್ಟಿ ಅರ್ಧ ಹೋಗಿತ್ತು. ನಾವು ಮೊದಲು ತೋರಿಸಿದ ಕಡೆ ಯಾರೂ ಕಣ್ಣಿನ ಮಾತೇ ಎತ್ತಿರಲಿಲ್ಲ. ಆ ಸಂಕಟ ಇನ್ನೊಬ್ಬ ತಾಯಿಗೆ ಬರಬಾರದು.

ಮಕ್ಕಳ_ವಾರ್ಡ್_ಪಿಜಿ

ಭಾಲ್ಕಿ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಟಾರ್ಚ್ ಬಿಟ್ಟು ನೋಡಿದರೆ ಗೊತ್ತಾಗುವುದಿಲ್ಲ, ಕಣ್ಣಿನ ಡಾಕ್ಟರ್ ಹತ್ತಿರ ಸ್ಲಿಟ್ ಲ್ಯಾಂಪ್ ಅನ್ನುವ ಸೂಕ್ಷ್ಮದರ್ಶಕದ ಪರೀಕ್ಷೆಯೇ ಆಗಬೇಕು. ಎಎನ್‌ಎ ಅನ್ನುವ ರಕ್ತ ಪರೀಕ್ಷೆ ಪಾಸಿಟಿವ್ ಇದ್ದು ಚಿಕ್ಕ ವಯಸ್ಸಿಗೇ ಶುರುವಾದ ಮಕ್ಕಳಿಗೆ 3 ತಿಂಗಳಿಗೊಮ್ಮೆ, ಉಳಿದವರಿಗೆ 6ರಿಂದ 12 ತಿಂಗಳಿಗೊಮ್ಮೆ. ಕೀಲು ಎಷ್ಟೇ ಆರಾಮ ಇದ್ದರೂ ಇದನ್ನು ಬಿಡಬಾರದು. ಸೂಜಿಯಿಂದ ನೋವು ಹೋಯಿತು ಅಂತ ದವಾಖಾನೆಗೆ ಹೋಗುವುದನ್ನೇ ಬಿಟ್ಟವರಲ್ಲಿ ಮೊದಲು ತಪ್ಪಿಹೋಗುವುದು ಈ ಕಣ್ಣಿನ ಪರೀಕ್ಷೆ.

ಸೇಡಂ_ರಸ್ತೆ_ಅಮ್ಮ

ಹೈದರಾಬಾದಿನಲ್ಲಿ ಒಮ್ಮೆ ನೋಡಿದ್ದರು. ಮತ್ತೆ ಯಾವಾಗ ಅಂತ ಫೈಲಿನಲ್ಲಿ ನೋಡುತ್ತೇನೆ. ಇನ್ನೊಂದು ಕೇಳಬೇಕಿತ್ತು. ಅತ್ತೆಯವರು ತೊಗರಿ ಬೇಳೆ, ಬದನೆಕಾಯಿ, ಮೊಸರು ಎಲ್ಲ ನಿಲ್ಲಿಸಿದ್ದಾರೆ. ವಾಯು ಅಂತೆ. ಮಗು ಸೊರಗಿದೆ.

ಕಾಳಗಿ_ರೈತ

ತೊಗರಿ ಬೆಳೆಯುವ ಜಿಲ್ಲೆಯಲ್ಲಿ ತೊಗರಿ ಬೇಳೆ ಬಿಡಿಸಿದರೆ ಮಗು ಏನು ತಿನ್ನಬೇಕು? ಜೋಳದ ರೊಟ್ಟಿ, ಬೇಳೆ, ಮೊಸರು ಕೊಡಿ ತಂಗಿ.

ಅಜ್ಜಿ_ಮನೆ_ಚಿಂಚೋಳಿ

ಹಿರಿಯರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ನನಗೆ ಬದನೆಕಾಯಿ ತಿಂದರೆ ಮಂಡಿ ಹಿಡಿಯುತ್ತೆ.

ಮಕ್ಕಳ_ವಾರ್ಡ್_ಪಿಜಿ

ಅಜ್ಜಿ, ನಿಮಗೆ ಒಗ್ಗದಿದ್ದರೆ ನೀವು ಬಿಡಿ. ಮಗುವಿಗೆ ಬೇಡ. ಜೆಐಎಗೆ ಅಂತ ವಿಶೇಷ ಪಥ್ಯ ಮಾಡಿಸಬೇಡಿ, ವಯಸ್ಸಿಗೆ ತಕ್ಕ ಸಮತೋಲನದ ಊಟ ಕೊಡಿ ಅಂತ ಆ ಅಮೆರಿಕದ ಮಾರ್ಗಸೂಚಿಯೇ ಒತ್ತಿ ಹೇಳುತ್ತೆ. ರೋಗಕ್ಕೆ ಈ ಮಕ್ಕಳ ಬೆಳವಣಿಗೆ ಮೊದಲೇ ಕುಂಠಿತ ಆಗಿರುತ್ತೆ. ಬೇಳೆ, ಹಾಲು, ಮೊಸರು, ತಿನ್ನುವವರಿದ್ದರೆ ಮೊಟ್ಟೆ, ಎಲ್ಲ ಬೇಕು.

ಚಿತ್ತಾಪುರ_ಟೀಚರ್

ನಮ್ಮ ತರಗತಿಯಲ್ಲಿ ಇಂತಹ ಒಬ್ಬ ಹುಡುಗ ಇದ್ದ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಆಗುತ್ತಿರಲಿಲ್ಲ, ಬೆಂಚು ಕೊಟ್ಟೆವು. ಶಾಲೆಯ ಶೌಚಾಲಯದಲ್ಲಿ ಕುಕ್ಕರಗಾಲಲ್ಲಿ ಕೂರಲಾಗದೆ ಬೆಳಗಿನಿಂದ ನೀರೇ ಕುಡಿಯುತ್ತಿರಲಿಲ್ಲ. ಇದು ಅವನ ತಾಯಿಗೂ ಗೊತ್ತಿರಲಿಲ್ಲ. ಒಂದು ಕಮೋಡ್ ಕುರ್ಚಿ ತಂದಿಟ್ಟೆವು. ಮಣಿಕಟ್ಟು ನೋವಿದ್ದರೆ ಬರೆಯುವುದು ನಿಧಾನ ಆಗುತ್ತೆ. ಹೆಡ್‌ಮಾಸ್ಟರ್ ಹತ್ತಿರ ಮಾತಾಡಿ, ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಿ. ಬೆಳಗ್ಗೆ ತಡವಾಗಿ ಬಂದರೆ ಬೈಯಬಾರದು ಅಂತ ಮೊದಲೇ ತಿಳಿಸಿ. ಸಂಜೆ ಚೆಂದ ಓಡಾಡುವುದನ್ನು ನೋಡಿ "ಬೆಳಗ್ಗೆ ನಾಟಕ ಮಾಡುತ್ತಾನೆ" ಅನ್ನುವ ಶಿಕ್ಷಕರೂ ಇರುತ್ತಾರೆ.

ಆಳಂದ_ಮೆಡಿಕಲ್

ಅಂಗಡಿಯಲ್ಲಿ ಕೂತು ಕಂಡದ್ದು ಹೇಳುತ್ತೇನೆ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ನುಂಗಿಸಿದರೆ ಜೀವಕ್ಕೇ ಅಪಾಯ. ಕ್ಯಾಲೆಂಡರಿನಲ್ಲಿ ವಾರ ಗುರುತು ಮಾಡಿ, ಮನೆಯಲ್ಲಿ ಒಬ್ಬರೇ ಕೊಡಬೇಕು. ಕಾಕಾ ಲಿವರ್ ಬಗ್ಗೆ ಹೇಳಿದ್ದರಲ್ಲ, ಅದಕ್ಕಾಗಿಯೇ ಆಗಾಗ ರಕ್ತ ಪರೀಕ್ಷೆ ಮಾಡಿಸುವುದು. ಕೆಟ್ಟ ಸೂಚನೆ ಕಂಡರೆ ಡಾಕ್ಟರೇ ಡೋಸ್ ಇಳಿಸುತ್ತಾರೆ.

ಇನ್ನೊಂದು, ಸೂಜಿಯ ಜೊತೆ "ನಮ್ಮ ಪುಡಿ" ಅಂತ ಹೆಸರಿಲ್ಲದ ಪೊಟ್ಟಣ ಕೊಟ್ಟರೆ ಮುಟ್ಟಬೇಡಿ. ಅಂತಹ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ವಾರದಲ್ಲಿ ಮಗು ಕುಣಿದಾಡುತ್ತೆ. ಆಮೇಲೆ ಮುಖ ಬಾತು ಚಂದ್ರನಂತೆ ಆಗುತ್ತೆ, ಎತ್ತರ ನಿಲ್ಲುತ್ತೆ, ತಟ್ಟನೆ ನಿಲ್ಲಿಸಿದರೆ ಕುಸಿದು ಬೀಳುತ್ತೆ.

ಬಯಾಲಾಜಿಕ್ ಶುರುವಾದರೆ ಇಂಜೆಕ್ಷನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ನಮ್ಮ ಕಡೆ ಮೇ ತಿಂಗಳಲ್ಲಿ 43-44 ಡಿಗ್ರಿ. ಐಸ್ ಪ್ಯಾಕ್ ಇರುವ ಡಬ್ಬಿಯಲ್ಲೇ ತನ್ನಿ, ಬಸ್ಸಿನ ಮೇಲಿನ ಕ್ಯಾರಿಯರ್‌ನಲ್ಲಿ ಇಡಬೇಡಿ. ಫ್ರಿಜ್‌ನ ಬರ್ಫದ ಖಾನೆಯಲ್ಲೂ ಇಡಬಾರದು, ಹೆಪ್ಪುಗಟ್ಟಿದರೆ ಕೆಡುತ್ತೆ.

ಜೇವರ್ಗಿ_ಅಪ್ಪ

ಖರ್ಚಿನ ಮಾತು ಯಾರೂ ಆಡಲಿಲ್ಲ. ನನ್ನ ಮಗನಿಗೂ ಇದೇ. ಅಡಾಲಿಮುಮಾಬ್‌ನ ಬಯೋಸಿಮಿಲರ್, ಅಂದರೆ ಅದನ್ನೇ ಹೋಲುವ ಬೇರೆ ಕಂಪನಿಯ ಔಷಧ, 2014ರಿಂದ ನಮ್ಮ ದೇಶದಲ್ಲೇ ತಯಾರಾಗುತ್ತಿದೆ, ಅದಕ್ಕೇ ಬೆಲೆ ಇಳಿದಿದೆ. ಇಳಿದರೂ ಕೂಲಿ ಮಾಡುವವರಿಗೆ ಭಾರವೇ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಆದರೆ ಅದು ಹೆಚ್ಚಾಗಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ನಿಮ್ಮ ಔಷಧಕ್ಕೆ ಸಿಗುತ್ತಾ ಅಂತ ಮೊದಲೇ ಸರ್ಕಾರಿ ದವಾಖಾನೆಯ ಕೌಂಟರಿನಲ್ಲಿ ಕೇಳಿ, ರೆಫರ್ ಚೀಟಿ ಮಾಡಿಸಿಕೊಳ್ಳಿ. ಸೂಜಿ ಕ್ಲಿನಿಕ್‌ಗೆ ವಾರ ವಾರ ಸುರಿಯುವ ದುಡ್ಡನ್ನೂ ಈ ಲೆಕ್ಕಕ್ಕೆ ಸೇರಿಸಿ ನೋಡಿ. ಇರುವುದು ಒಂದೇ ಜೇಬು.

ಶಹಾಬಾದ್_ಕಾಕಾ

ಮನೆಯಾಕೆಯನ್ನು ಕೇಳಿದೆ. ಅವಳಿಗೆ ಹಾಕಿದ್ದು ಸೂಜಿಯೇ, ಪ್ಯಾಡ್ ಅಲ್ಲ. ಅವಳಿಗೆ ಗುಣ ಆದದ್ದು ನಿಜ, ಅದನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೆ ಮಗುವಿನ ರೋಗ ಬೇರೆ ಅನ್ನುವುದು ತಿಳಿಯಿತು. ತಂಗಿ, ಗುಳಿಗೆ ನಡೆಯಲಿ.

ಸೇಡಂ_ರಸ್ತೆ_ಅಮ್ಮ

ಎಲ್ಲರಿಗೂ ಬಹಳ ಉಪಕಾರ. ಹೈದರಾಬಾದ್ ಡಾಕ್ಟರಿಗೆ ಫೋನ್ ಮಾಡಿದೆವು. ಬಿಗಿತದ ವಿಷಯ ಕೇಳಿ ಬೇಗ ಬರಲು ಹೇಳಿದರು. ಮೆಥೊಟ್ರೆಕ್ಸೇಟ್ ಇಂಜೆಕ್ಷನ್‌ಗೆ ಬದಲಿಸುವ ಯೋಚನೆ ಇದೆಯಂತೆ. ಬಯಾಲಾಜಿಕ್ ಬೇಕಾದರೆ ಮೊದಲು ಟಿಬಿ ಪರೀಕ್ಷೆ ಅಂದರು. ಕಣ್ಣಿನ ಪರೀಕ್ಷೆ ತಪ್ಪಿಹೋಗಿತ್ತು, ಅದೇ ದಿನ ಮಾಡಿಸುತ್ತೇವೆ. ಎಲೆಕ್ಟ್ರೋ ಅಕ್ಯುಪಂಕ್ಚರ್ ಕೇಳಿದಾಗ "ರಕ್ತ ಪರೀಕ್ಷೆ ಸರಿ ಇದ್ದು, ತರಬೇತಿ ಆದವರು ಮಾಡಿದರೆ ನೋವಿಗೆ ನೋಡಬಹುದು, ಔಷಧ ಮಾತ್ರ ನಿಲ್ಲಿಸಬೇಡಿ" ಅಂದರು. ಆ ಕ್ಲಿನಿಕ್‌ಗೆ ಹೋಗುವುದಿಲ್ಲ. ಮಗಳನ್ನು ಕೇಳಿದೆ. "ಮೊದಲು ನಿನಗೆ ಚುಚ್ಚಿಸಿಕೋ, ನೋಡುತ್ತೇನೆ" ಅಂದಳು.

ಬೀದರ್ ಮೇಡಂ, ಮುಂದೆ ಬೇರೆ ಕಡೆ ಮಾಡಿಸುವುದಾದರೆ ಏನು ನೋಡಬೇಕು?

ನಿಸರ್ಗ_ವೈದ್ಯೆ_ಬೀದರ್

ಸೂಜಿಯ ಪೊಟ್ಟಣ ನಿಮ್ಮ ಕಣ್ಣೆದುರೇ ಒಡೆಯಬೇಕು, ಒಮ್ಮೆ ಬಳಸಿ ಬಿಸಾಡುವುದೇ ಆಗಿರಬೇಕು. ಇದರಲ್ಲಿ ರಾಜಿ ಬೇಡ, ನಿಮ್ಮ ಮಗಳ ಔಷಧ ಸೋಂಕು ತಡೆಯುವ ಶಕ್ತಿಯನ್ನು ಇಳಿಸಿರುತ್ತೆ. ಬಾತ ಕೀಲಿನ ಒಳಗೆ ಸೂಜಿ ಹಾಕಬಾರದು. ಗಾಯ, ಗುಳ್ಳೆ ಇರುವ ಚರ್ಮಕ್ಕೂ ಬೇಡ. ಎದೆಯ ಭಾಗಕ್ಕೆ ಸೂಜಿ ಅಂದರೆ ನಾನಾದರೆ ಮಗುವಿಗೆ ಒಪ್ಪುವುದಿಲ್ಲ. ಪ್ಲೇಟ್‌ಲೆಟ್ ಕಡಿಮೆ ಇದ್ದರೆ, ಫಿಟ್ಸ್ ಬರುತ್ತಿದ್ದರೆ, ಹೃದಯಕ್ಕೆ ಪೇಸ್‌ಮೇಕರ್ ಇದ್ದರೆ ಕರೆಂಟು ಬೇಡ. ಜ್ವರ ಇದ್ದ ದಿನ ಹೋಗಬೇಡಿ. ಮೊದಲ ಸಲ ಎರಡೇ ಸೂಜಿ ಸಾಕು, ಕರೆಂಟಿನ ಗುಂಡಿ ತಿರುಗಿಸುವಾಗ "ಸಾಕು" ಅನ್ನುವ ಹಕ್ಕು ಮಗಳದ್ದು. ಏನೂ ವ್ಯತ್ಯಾಸ ಕಾಣದಿದ್ದರೆ ಎಳೆಯದೆ ನಿಲ್ಲಿಸಿ.

ಯಾದಗಿರಿ_ಲೆಕ್ಚರರ್

ಇದಕ್ಕೆ ಒಂದು ಅಂಕಿ ಸೇರಿಸುತ್ತೇನೆ. ಮಕ್ಕಳ ಅಕ್ಯುಪಂಕ್ಚರ್ ಸುರಕ್ಷತೆ ಬಗ್ಗೆ 2011ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಒಂದು ಪರಾಮರ್ಶೆ ಬಂತು. ಅದರಲ್ಲಿ ಸಿಕ್ಕ 279 ತೊಂದರೆಗಳಲ್ಲಿ 253 ಸಣ್ಣವು, ಒಂದು ಮಧ್ಯಮ, 25 ಗಂಭೀರ. ಗಂಭೀರವಾದವುಗಳಲ್ಲಿ ಸೋಂಕು, ಶ್ವಾಸಕೋಶಕ್ಕೆ ಸೂಜಿ ತಾಗಿದ್ದು ಸೇರಿವೆ. ಕೈ ಪಳಗದವರ ಹತ್ತಿರ ಹೋಗಬಾರದು ಅನ್ನುವುದಕ್ಕೆ ಇಷ್ಟು ಸಾಕು. ಮೇಡಂ ಹೇಳಿದ ಎಚ್ಚರಿಕೆಗೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಸುರಪುರ_ಹುಡುಗ

ತಂಗಿಗೆ ಹೇಳಿ ಅಮ್ಮಾ, ಇಂಜೆಕ್ಷನ್ ಫ್ರಿಜ್‌ನಲ್ಲಿ ಇಡುವಂಥದ್ದಾದರೆ ಹೊರಗೆ ತೆಗೆದು ಅರ್ಧ ತಾಸು ಬಿಟ್ಟು ಹಾಕಿಸಿಕೊಂಡರೆ ಉರಿ ಕಡಿಮೆ.

ಸೇಡಂ_ರಸ್ತೆ_ಅಮ್ಮ

ಹೇಳುತ್ತೇನೆ ತಮ್ಮಾ. ಫಿಸಿಯೋ ಸರ್, ಕೊನೆಯದಾಗಿ ಒಂದು. ಮೊಣಕಾಲಿಗೆ ಬಿಸಿ ಶಾಖ ಕೊಡಬೇಕಾ, ಐಸ್ ಇಡಬೇಕಾ? ಮನೆಯಲ್ಲಿ ದಿನಾ ಇದೇ ಜಗಳ.

ಹುಮನಾಬಾದ್_ಫಿಸಿಯೋ

ಬೆಳಗಿನ ಬಿಗಿತಕ್ಕೆ ಬಿಸಿ. ಮುಟ್ಟಿದರೆ ಕೀಲು ಬೆಚ್ಚಗಿದ್ದು ಬಾತಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸ್, ಹತ್ತು ನಿಮಿಷ. ಯಾವುದು ಹಿತ ಅಂತ ಮಗಳು ಹೇಳುತ್ತಾಳೋ ಅದನ್ನೇ ಇಡಿ. ಹೈದರಾಬಾದಿಗೆ ರೈಲಿನಲ್ಲಿ ಹೋಗುವಾಗ ಒಂದೇ ಕಡೆ ಕೂರಿಸಬೇಡಿ, ಆಗಾಗ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿ. ವ್ಯಾಯಾಮದ ಚಿತ್ರಗಳನ್ನು ನಾಳೆ ಇಲ್ಲೇ ಹಾಕುತ್ತೇನೆ.